ಜಪ್ತಿಯಕ್ಕನ ಹನ್ನೊಂದು ತೊಟ್ಟಿಲು

ಬೆಳಗಿನ ಜಾವ ಐದೂ ಮುಕ್ಕಾಲು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ. ಅದರ ಬಾಗಿಲಲ್ಲಿ ಹೆಂಗಸೊಬ್ಬರು ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು, ಬಲಗೈಯಲ್ಲಿ ಅದರ ದಿಂಬನ್ನು ತಾಯಿಯ ಕಡೆಗೇ ಚಾಚಿ ನಿಂತಿದ್ದಾರೆ. ತಾಯಿ ತೆಗೆದುಕೊಳ್ಳುತ್ತಿಲ್ಲ. ಆರು ಗಂಟೆಗೆ ಸೈರನ್ ಕೂಗುತ್ತದೆ, ಅಷ್ಟರೊಳಗೆ ಆಕೆ ಮೆಷಿನ್ನಿನ ಮುಂದೆ ಇರಬೇಕು. ಆದರೂ ಮೊಂಡು ಹಿಡಿದು ನಿಂತಿದ್ದಾಳೆ.

"ಪುಟ್ಟ ದಿಂಬು ಅಕ್ಕಾ. ಮುಟ್ಟಿ ನೋಡಿ, ಎಷ್ಟು ಮೆತ್ತಗಿದೆ."

"ಮೆತ್ತಗಿರೋದೇ ತಾಪತ್ರಯ ಕಣಮ್ಮ. ನೀನೇ ಇಟ್ಕೋ. ಊಟದ ಹೊತ್ತಲ್ಲಿ ತಲೆ ಕೆಳಗಿಟ್ಕೊಂಡು ಒಂದು ಗಳಿಗೆ ಒರಗು."

ಹಿಂದೆ ಸಾಲಿನಲ್ಲಿ ನಿಂತ ತಾಯಂದಿರು ಕಿಸಕ್ಕನೆ ನಗುತ್ತಾರೆ. ಅವರೆಲ್ಲರೂ ಈ ಬಾಗಿಲಲ್ಲಿ ಒಮ್ಮೆ ಹೀಗೇ ಸೋತವರು. ಇಡೀ ಕಾರ್ಖಾನೆಯಲ್ಲಿ ಇವರಿಗಿರುವ ಹೆಸರು ಜಪ್ತಿಯಕ್ಕ. ದಿಂಬು ಜಪ್ತಿ, ಹೊದಿಕೆ ಜಪ್ತಿ, ಉದ್ದ ಕಿವಿಯ ಬಟ್ಟೆ ಮೊಲ ಜಪ್ತಿ, ನಿಪ್ಪಲ್ಲಿಗೆ ಕಟ್ಟಿದ ರಿಬ್ಬನ್ ಜಪ್ತಿ. ಬಾಗಿಲ ಪಕ್ಕದ ಕಪಾಟಿನಲ್ಲಿ ಹನ್ನೊಂದು ಗೂಡುಗಳಿವೆ. ವಶಪಡಿಸಿಕೊಂಡ ಮಾಲೆಲ್ಲ ಅಲ್ಲಿರುತ್ತದೆ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿದಾಗ ಮಗುವಿನ ಜೊತೆಗೇ ಅದೂ ವಾಪಸ್.

ಒಳಗೆ ಹನ್ನೊಂದು ತೊಟ್ಟಿಲುಗಳು ಎರಡು ಸಾಲಾಗಿ ನಿಂತಿವೆ. ತೂಗುವ ತೊಟ್ಟಿಲಲ್ಲ, ನಾಲ್ಕು ಕಾಲಿನ, ಸುತ್ತಲೂ ಮರದ ಕಂಬಿ ಇರುವ, ಅಲುಗಾಡದ ತೊಟ್ಟಿಲು. ಒಂದೊಂದರಲ್ಲೂ ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಎಳೆದು ಸಿಕ್ಕಿಸಿದ ಒಂದು ಬಟ್ಟೆ. ಅಷ್ಟೇ, ಮತ್ತೇನೂ ಇಲ್ಲ. ಮೊದಲ ಸಲ ನೋಡಿದವರಿಗೆ ಇದೇನು ಇಷ್ಟೊಂದು ಜಿಪುಣತನ ಅನ್ನಿಸುತ್ತದೆ. ಪತ್ರಿಕೆಗೆ ಲೇಖನ ಬರೆಯಲು ಬಂದ ನನಗೂ ಅನ್ನಿಸಿತು. ಜಪ್ತಿಯಕ್ಕ ಪ್ರತಿ ಹಾಸಿಗೆಯ ಅಂಚಿಗೂ ಕಂಬಿಗೂ ನಡುವೆ ಎರಡು ಬೆರಳು ತೂರಿಸಿ ನೋಡುತ್ತಾರೆ. ಎರಡು ಬೆರಳು ಸಲೀಸಾಗಿ ಓಡಾಡಿದರೆ ಹಾಸಿಗೆ ಚಿಕ್ಕದಾಯಿತು, ಆ ಸಂದಿಗೆ ಮಗುವಿನ ಮುಖ ಜಾರಬಹುದು ಎಂದು ಅರ್ಥ. ಆಮೇಲೆ ಅಂಗೈಯಿಂದ ಒತ್ತುತ್ತಾರೆ. ಕೈ ಎತ್ತಿದ ಕೂಡಲೇ ಹಾಸಿಗೆ ಮೊದಲಿನ ಹಾಗೇ ಆಗಬೇಕು, ಕುಳಿ ಉಳಿಯಬಾರದು. ಇಷ್ಟಾದ ಮೇಲೆ ಮಗುವನ್ನು ಅಂಗಾತ ಮಲಗಿಸುತ್ತಾರೆ.

ಹೊಸ ತಾಯಿ ಇನ್ನೂ ಹೋಗಿಲ್ಲ. "ಅಂಗಾತ ಮಲಗಿಸಿದ್ರೆ, ಹಾಲು ಕಕ್ಕಿದಾಗ ಗಂಟಲಿಗೆ ಸಿಕ್ಕೊಳಲ್ವಾ?"

"ಎಲ್ರೂ ಇದನ್ನೇ ಕೇಳ್ತಾರೆ. ಅಂಗಾತ ಇದ್ದಾಗ ಉಸಿರಿನ ದಾರಿ ಮೇಲಿರುತ್ತೆ, ಹಾಲಿನ ದಾರಿ ಕೆಳಗಿರುತ್ತೆ. ಕಕ್ಕಿದ್ದು ಕೆಳಗೇ ಇಳಿಯುತ್ತೆ. ಬೋರಲು ಮಲಗಿಸಿದ್ರೇನೇ ಉಲ್ಟಾ. ನಂಗೂ ನಂಬಿಕೆ ಬರ್ಲಿಲ್ಲ, ಡಾಕ್ಟರಮ್ಮ ಬಂದು ಬೊಂಬೆ ಇಟ್ಟು ತೋರಿಸಿದ್ರು. ಹೋಗು ತಾಯಿ, ಸೈರನ್ ಆಗುತ್ತೆ."

ತಾಯಿ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾಳೆ.

ನನ್ನ ಮಗಳು ಹುಟ್ಟಿದಾಗ ಅವಳ ತೊಟ್ಟಿಲಲ್ಲಿ ಅವಳಿಗೇ ಜಾಗ ಇರಲಿಲ್ಲ. ಕರಡಿ ಎರಡು, ಆನೆ ಒಂದು, ನಾಲ್ಕು ದಿಂಬು, ಉಣ್ಣೆಯ ಹೊದಿಕೆ. ಫೋಟೋ ತೆಗೆದು ಬಂಧು ಬಳಗಕ್ಕೆಲ್ಲ ಕಳಿಸಿದ್ದೆ. ಅದನ್ನು ದೊಡ್ಡಸ್ತಿಕೆಯಿಂದ ಜಪ್ತಿಯಕ್ಕನಿಗೆ ಹೇಳಿದರೆ ಅವರು ಒಂದು ಸಲ ನನ್ನ ಮುಖ ನೋಡುತ್ತಾರೆ. "ಏನೂ ಆಗ್ಲಿಲ್ವಲ್ಲ ಸಾರ್. ನಿಮ್ಮ ಪುಣ್ಯ ಗಟ್ಟಿ ಇತ್ತು." ನನಗೆ ಬೆವರುತ್ತದೆ.

ಆರೂವರೆಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ನಿದ್ದೆ ಹೋಗುತ್ತವೆ. ಬೆಳಗಿನ ಜಾವವೇ ಎಬ್ಬಿಸಿ ಹೊತ್ತು ತಂದ ಮಕ್ಕಳು, ಇನ್ನೇನು ಮಾಡಿಯಾವು. ಜಪ್ತಿಯಕ್ಕನ ನಿಜವಾದ ಕೆಲಸ ಈಗ ಶುರು. ಹತ್ತು ನಿಮಿಷಕ್ಕೊಂದು ಸುತ್ತು. ಪ್ರತಿ ತೊಟ್ಟಿಲ ಬಳಿ ನಿಂತು, ಬಾಗಿ, ಮಗುವಿನ ಎದೆಯ ಮೇಲೆ ಎರಡು ಬೆರಳಿಟ್ಟು, ಎದೆ ಎದ್ದು ಇಳಿಯುವುದನ್ನು ನೋಡುತ್ತಾರೆ. ಕುತ್ತಿಗೆಯ ಹಿಂದೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಾರೆ. ಬೆವರಿದ್ದರೆ ಒಂದು ಅಂಗಿ ಕಮ್ಮಿ. ತೊಟ್ಟಿಲ ಕಂಬಿಗೆ ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು ಸಿಕ್ಕಿಸಿರುತ್ತದೆ. ಮಗುವನ್ನು ನೋಡಿದ ಮೇಲೆ ಆ ಕ್ಲಿಪ್ಪನ್ನು ತಲೆ ಕಡೆಯಿಂದ ಕಾಲ ಕಡೆಗೆ ಬದಲಾಯಿಸುತ್ತಾರೆ. ಮುಂದಿನ ಸುತ್ತಿನಲ್ಲಿ ಕಾಲ ಕಡೆಯಿಂದ ತಲೆ ಕಡೆಗೆ. ಬೇರೆ ಯಾವ ಮಕ್ಕಳ ಕೋಣೆಯಲ್ಲೂ ಈ ಪದ್ಧತಿ ನಾನು ಕಂಡಿಲ್ಲ. ಯಾಕೆ ಎಂದು ಕೇಳಿದರೆ, "ವಯಸ್ಸಾಯ್ತಲ್ಲ ಸಾರ್, ಮರೆವು" ಎಂದು ಮುಂದಿನ ತೊಟ್ಟಿಲಿಗೆ ಹೋಗಿಬಿಡುತ್ತಾರೆ.

ಲೆಕ್ಕದಲ್ಲಿ ನಾನು ದಡ್ಡ. ಆದರೂ ಪಾಳಿಯ ಎಂಟು ಗಂಟೆಯಲ್ಲಿ ಮಕ್ಕಳು ಸುಮಾರು ಐದು ಗಂಟೆ ಮಲಗುತ್ತವೆ ಎಂದುಕೊಂಡರೆ ಮೂವತ್ತು ಸುತ್ತು. ಹನ್ನೊಂದು ಮಕ್ಕಳಿಗೆ ಮುನ್ನೂರ ಮೂವತ್ತು ಸಲ ಬಾಗಿ ಏಳಬೇಕು. ಇದು ಹತ್ತೊಂಬತ್ತು ವರ್ಷದಿಂದ ನಡೆದಿದೆ. ನಾನು ಇದನ್ನು ಹೇಳಿದಾಗ ಅವರು ಸೊಂಟಕ್ಕೆ ಕೈಯಿಟ್ಟು, "ಅದಕ್ಕೇ ಅನ್ನಿ ಈ ನೋವು" ಎನ್ನುತ್ತಾರೆ. ಅಲ್ಲಿಯವರೆಗೆ ಅವರು ಎಣಿಸಿಯೇ ಇರಲಿಲ್ಲ.

ಸೊಂಟವಾದರೂ ಪರವಾಗಿಲ್ಲ, ನಿದ್ದೆಯದೇ ಕಷ್ಟ ಎನ್ನುತ್ತಾರೆ. ಕೋಣೆಯಲ್ಲಿ ಮಬ್ಬುಗತ್ತಲು, ಹದವಾದ ಬಿಸುಪು, ಹನ್ನೊಂದು ಮಕ್ಕಳ ಉಸಿರು. ಈ ನಡುವೆ ಎಚ್ಚರವಾಗಿರುವುದು ಎಂಥ ಶಿಕ್ಷೆ ಎಂಬುದು ಅರ್ಧ ಗಂಟೆ ಕೂತವನಿಗೆ ಗೊತ್ತಾಗುತ್ತದೆ. ನಾನು ಸ್ಟೂಲಿನ ಮೇಲೆ ಕೂತು ಟಿಪ್ಪಣಿ ಬರೆಯುತ್ತಿದ್ದವನು ಏಳು ಗಂಟೆಯ ಹೊತ್ತಿಗೆ ತೂಕಡಿಸಿದ್ದೇನೆ. ಪೆನ್ನು ಕೆಳಗೆ ಬೀಳುವ ಮೊದಲೇ ಅವರು ಅದನ್ನು ಹಿಡಿದು ಕೈಗೆ ಕೊಡುತ್ತಾರೆ. "ಕೂತ್ರೆ ಹೀಗೇ ಆಗೋದು. ಅದಕ್ಕೇ ನಾನು ಕೂರಲ್ಲ." ಕಣ್ಣು ಎಳೆಯತೊಡಗಿದಾಗ ಅವರು ಮೂಲೆಯ ನಲ್ಲಿಯಲ್ಲಿ ಮೊಣಕೈವರೆಗೆ ತಣ್ಣೀರು ಹಾಕಿಕೊಳ್ಳುತ್ತಾರೆ. ಆಮೇಲೆ ಕೈ ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಮಗುವನ್ನು ಮುಟ್ಟುತ್ತಾರೆ.

ಇವರು ಈ ಕೆಲಸ ಬಯಸಿ ಬಂದವರಲ್ಲ. ಪೆಟ್ಟಿಗೆಗಳಿಗೆ ಗೋಂದು ಹಚ್ಚುವ ವಿಭಾಗದಲ್ಲಿದ್ದರು. ಗೋಂದು ಕೈಗೆ ಆಗದೆ ಬೆರಳುಗಳೆಲ್ಲ ಸೀಳಿ ರಕ್ತ ಬರತೊಡಗಿದಾಗ ಮೇಲ್ವಿಚಾರಕರು, ಕೈ ವಾಸಿಯಾಗುವ ತನಕ ಮಕ್ಕಳ ಕೋಣೆ ನೋಡಿಕೋ ಎಂದರು. ಕೈ ಎರಡು ತಿಂಗಳಲ್ಲಿ ವಾಸಿಯಾಯಿತು. ಯಾರೂ ವಾಪಸ್ ಕರೆಯಲಿಲ್ಲ, ಇವರೂ ನೆನಪಿಸಲಿಲ್ಲ. ಆಗ ಇವರ ಮಗಳಿಗೆ ಐದು ವರ್ಷ. ತೆವಳುವ, ನಡೆಯುವ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಬೇರೊಬ್ಬರಿದ್ದಾರೆ; ಅಲ್ಲಿ ಹಾಡು, ಆಟ, ಗಲಾಟೆ. ಯಾರಾದರೂ ದೊಡ್ಡವರು ಕಾರ್ಖಾನೆ ನೋಡಲು ಬಂದರೆ ಆ ಕೋಣೆಯನ್ನೇ ತೋರಿಸುತ್ತಾರೆ. ಈ ಕೋಣೆಯ ಬಾಗಿಲಲ್ಲಿ ನಿಂತು, ಶ್, ಮಕ್ಕಳು ಮಲಗಿವೆ ಎಂದು ಹೊರಟುಹೋಗುತ್ತಾರೆ. ಏನೂ ಆಗದೆ ಇರುವಂತೆ ನೋಡಿಕೊಳ್ಳುವ ಕೆಲಸದಲ್ಲಿ ತೋರಿಸುವುದಕ್ಕೆ ಏನೂ ಇರುವುದಿಲ್ಲ.

ಮನೆಯಲ್ಲೂ ಈ ಚಾಳಿ ಬಿಟ್ಟಿಲ್ಲ. ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ, ಈಗ ಬೆನ್ನುನೋವಿನಿಂದ ಮನೆಯಲ್ಲಿರುವ ಅವರ ಯಜಮಾನರು ನಗುತ್ತ ಹೇಳುತ್ತಾರೆ: "ನಿದ್ದೆಗಣ್ಣಲ್ಲಿ ನನ್ನ ಎದೆ ಮೇಲೆ ಕೈ ಇಟ್ಟು ನೋಡ್ತಾಳೆ. ಇನ್ನೂ ಇದೀನಿ ಕಣೇ, ಮಲ್ಕೋ ಅಂತೀನಿ. ಹತ್ತು ನಿಮಿಷ ಬಿಟ್ಟು ಮತ್ತೆ ಕೈ." ಜಪ್ತಿಯಕ್ಕ ನಗುವುದಿಲ್ಲ. ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ ಅವರಿಗೆ ನೆನಪಿಲ್ಲ.

ನಾನು ಕಾರ್ಖಾನೆಗೆ ಹೋಗಿದ್ದ ವಾರ ಅವರ ಮುಖದಲ್ಲಿ ಸುಸ್ತಿನ ಜೊತೆ ಇನ್ನೊಂದು ಚಿಂತೆಯೂ ಇತ್ತು. ಮೂರನೇ ದಿನ ಬಾಯಿಬಿಟ್ಟರು. ಮಗಳಿಗೆ ನಾಲ್ಕು ತಿಂಗಳ ಹೆಣ್ಣು ಮಗು ಇದೆ. ಮಗಳು ಇರುವುದು ಗಂಡನ ಮನೆಯಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಔಷಧಿ ಅಂಗಡಿಯಲ್ಲಿ ಕೆಲಸ. ಹೆರಿಗೆ ರಜೆ ಮುಗಿದು ಬರುವ ಸೋಮವಾರದಿಂದ ಹೋಗಬೇಕು. ಮಗುವನ್ನು ಇಡೀ ದಿನ ನೋಡಿಕೊಳ್ಳುವವರು ಮಗಳ ಅತ್ತೆ. ಆ ಅತ್ತೆ ಮೊಮ್ಮಗಳ ತೊಟ್ಟಿಲಿಗೆ ತಾವೇ ಕೂತು, ನಾಲ್ಕೂ ಬದಿಗೆ ಹತ್ತಿ ತುಂಬಿದ ದಪ್ಪ ಮೆತ್ತೆ ಹೊಲಿದು ಕಟ್ಟಿದ್ದಾರೆ. ಅದಕ್ಕೆ ಜೊತೆಯಾಗಿ ದಿಂಬು, ಮಗು ಹೊರಳದಂತೆ ಎರಡು ಉರುಳುದಿಂಬು.

ಮೂರು ವಾರದ ಹಿಂದೆ ಜಪ್ತಿಯಕ್ಕ ಮೊಮ್ಮಗಳನ್ನು ನೋಡಲು ಹೋಗಿದ್ದರು. ತೊಟ್ಟಿಲು ಕಂಡದ್ದೇ ತಡ, ಕೈ ತಾನಾಗಿ ಓಡಿತು. ದಿಂಬು ತೆಗೆದರು, ಉರುಳುದಿಂಬು ತೆಗೆದರು, ಹೊದಿಕೆ ತೆಗೆದರು, ಎಲ್ಲವನ್ನೂ ಮಡಿಸಿ ಗೋಡೆ ಬದಿಗಿಟ್ಟು ಮೆತ್ತೆಯ ಲಾಡಿ ಬಿಚ್ಚಲು ಶುರು ಮಾಡಿದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ತೊಟ್ಟಿಲು ಬರಿದು ಮಾಡಲು ಅವರು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಬೀಗಿತ್ತಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಇದು ನಿಮ್ಮ ಕಾರ್ಖಾನೆ ಅಲ್ಲ ಬೀಗಿತ್ತಿಯವರೇ" ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಇವರು ಬಸ್ಸು ಹತ್ತುವ ಹೊತ್ತಿಗೆ ಎಲ್ಲವೂ ಮತ್ತೆ ತೊಟ್ಟಿಲೊಳಗೆ.

"ಮಗಳು ಏನಂದಳು?" ಎಂದು ಕೇಳಿದೆ.

"ಅಮ್ಮಾ, ನೀನು ಬಂದು ಹೋಗ್ತೀಯ, ನಾನು ಈ ಮನೇಲಿ ಇರ್ಬೇಕು ಅಂದ್ಲು. ಅವಳದೂ ತಪ್ಪಿಲ್ಲ. ಅತ್ತೆ ಇಲ್ದಾಗ ಅವಳೇ ಎಲ್ಲ ತೆಗೆದಿಡ್ತಾಳೆ. ಸೋಮವಾರದಿಂದ ಅವಳೂ ಇರಲ್ಲ." ಒಂದು ಕ್ಲಿಪ್ಪು ಬದಲಾಯಿಸಿ, "ಊರ ಮಕ್ಕಳನ್ನೆಲ್ಲ ಕಾಯ್ತೀನಿ ಸಾರ್, ನನ್ನ ಮೊಮ್ಮಗಳ ತೊಟ್ಟಿಲಿಗೆ ಕೈ ಹಾಕೋ ಹಾಗಿಲ್ಲ" ಎನ್ನುತ್ತಾರೆ.

ಭಾನುವಾರ ಅವರ ಜೊತೆ ನಾನೂ ಹೊರಟಿದ್ದೇನೆ. ಪತ್ರಿಕೆಯವರು ಮನೆಯವರನ್ನೂ ಮಾತಾಡಿಸಬೇಕಂತೆ ಎಂಬ ನೆಪ ಹೇಳಿ ಅವರೇ ಕರೆದರು. ಒಬ್ಬರೇ ಹೋಗಲು ಧೈರ್ಯ ಸಾಲದು ಎಂಬುದು ನಿಜವಾದ ಕಾರಣ. ಬಸ್ಸಿನಲ್ಲಿ, ಲೇಖನಕ್ಕೆ ಬೇಕಾಗುತ್ತದೆ ಎಂದು, ನಿಮಗೇನು ಆಸೆ ಅಂತ ಕೇಳುತ್ತೇನೆ. ಅವರು ಕಿಟಕಿಯಾಚೆ ನೋಡುತ್ತ ಯೋಚಿಸುತ್ತಾರೆ. "ಮಲಗಿರೋ ಮಗೂನ ಸುಮ್ನೆ ನೋಡ್ಬೇಕು. ಎಷ್ಟು ಮುದ್ದಾಗಿದೆ ಅಂತ ಎಲ್ರೂ ನೋಡ್ತಾರಲ್ಲ, ಹಾಗೆ. ನಂಗೆ ಮುಖ ಕಾಣೋಕ್ಕಿಂತ ಮುಂಚೆ ಮೂಗು ಕಾಣುತ್ತೆ."

ಬೀಗಿತ್ತಿಯ ಮನೆ ಎರಡನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗುವ ಸಣ್ಣ ಬಾಲ್ಕನಿ. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡ ಬೀಗಿತ್ತಿ, "ಬನ್ನಿ" ಎನ್ನುತ್ತಾರೆ. ಮಾತು ಒಂದೇ, ಅದೂ ನನ್ನನ್ನು ನೋಡಿಕೊಂಡು. ಮಗಳು ಟೀ ತರುತ್ತಾಳೆ. ಬಿಸಿಲು, ಬಸ್ಸು, ಬೆನ್ನುನೋವಿನ ಬೀಗರು, ಎಲ್ಲದರ ಬಗ್ಗೆಯೂ ಮಾತಾಗುತ್ತದೆ. ಗೋಡೆ ಬದಿಗಿರುವ ತೊಟ್ಟಿಲ ಕಡೆ ಯಾರೂ ನೋಡುವುದಿಲ್ಲ. ನಾನು ಕದ್ದು ನೋಡುತ್ತೇನೆ. ಮೆತ್ತೆ ನಿಜಕ್ಕೂ ಚೆಂದ ಇದೆ. ತಿಳಿ ಹಸಿರು ಬಟ್ಟೆ, ಒಂದೊಂದು ಗೇಣಿಗೆ ಒಂದು ಹಳದಿ ಹೂವು, ಸಣ್ಣ ಸಣ್ಣ ಹೊಲಿಗೆ. ಹದಿನಾರು ಕಡೆ ಲಾಡಿಯಿಂದ ಕಂಬಿಗೆ ಕಟ್ಟಿದ್ದಾರೆ. ಬೀಗಿತ್ತಿಯ ಕನ್ನಡಕದ ಗಾಜಿನ ದಪ್ಪ ನೋಡಿದರೆ ಇದಕ್ಕೆ ಎಷ್ಟು ದಿನ ಹಿಡಿದಿರಬಹುದೆಂದು ಗೊತ್ತಾಗುತ್ತದೆ.

ಮಗು ಆಕಳಿಸುತ್ತದೆ. ಬೀಗಿತ್ತಿ ಎದ್ದು, ತೊಟ್ಟಿಲಲ್ಲಿ ದಿಂಬು ಸರಿಮಾಡಿ, ಮಗುವನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೊಂದು ಹೊಟ್ಟೆಗೊಂದು ಉರುಳುದಿಂಬು ಒತ್ತಿಡುತ್ತಾರೆ. ಮಗುವಿನ ಮೂಗು ಹಸಿರು ಮೆತ್ತೆಗೆ ತಾಗುವಷ್ಟು ಹತ್ತಿರ ಇದೆ. ಜಪ್ತಿಯಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅವುಗಳ ಮೇಲೆ ಕೂತಿದ್ದಾರೆ.

ಬೀಗಿತ್ತಿ ತಿರುಗಿ ನೋಡುತ್ತಾರೆ. "ಏನು ಬೀಗಿತ್ತಿಯವರೇ, ಇವತ್ತು ಜಪ್ತಿ ಇಲ್ವಾ?"

ಮಗಳು ನೆಲ ನೋಡುತ್ತಾಳೆ. ಆಗ ಜಪ್ತಿಯಕ್ಕ ಹೇಳಿದ್ದು ಗಂಡನಿಗೂ ಮಗಳಿಗೂ ಗೊತ್ತಿಲ್ಲದ ಸಂಗತಿ.

"ಹನ್ನೆರಡು ವರ್ಷದ ಹಿಂದೆ ಒಂದಿನ, ಒಬ್ಬ ತಾಯಿ ಅವಳ ಶಾಲು ಕೊಟ್ಟು ಹೋದ್ಲು. ನನ್ನ ವಾಸನೆ ಇಲ್ದಿದ್ರೆ ಮಗು ಮಲಗಲ್ಲ ಅಕ್ಕಾ, ಇವತ್ತೊಂದಿನ ಬಿಡಿ ಅಂತ ಅತ್ಲು. ಬಿಟ್ಟೆ. ಮೂರು ತಿಂಗಳ ಮಗು, ಕಿಟಕಿ ಹತ್ರ ಇರೋ ಕೊನೇ ತೊಟ್ಟಿಲು. ಆಗೆಲ್ಲ ನಾನು ಬಾಯಲ್ಲೇ ಎಣಿಸ್ತಿದ್ದೆ, ಒಂದು, ಎರಡು ಅಂತ. ಆರನೇ ಮಗೂನ ಮುಟ್ಟಿ ಆರು ಅಂದಾಗ ಯಾರೋ ಬಾಗಿಲು ಬಡಿದ್ರು. ಹೋಗಿ ಮಾತಾಡಿ ಬಂದು ಅದೇ ಮಗೂನ ಇನ್ನೊಂದು ಸಲ ಮುಟ್ಟಿ ಏಳು ಅಂದೆ. ಹತ್ತನೇ ತೊಟ್ಟಿಲಿಗೇ ನನ್ನ ಲೆಕ್ಕ ಹನ್ನೊಂದಾಗಿತ್ತು. ಸುತ್ತು ಮುಗೀತು ಅಂತ ಹೋಗಿ ಕೂತೆ. ನೆಮ್ಮದಿಯಾಗಿ ಕೂತಿದ್ದೆ."

ಹೇಳುತ್ತಲೇ ಅವರ ಕಣ್ಣು ತೊಟ್ಟಿಲ ಕಡೆ ಹೋಗುತ್ತದೆ.

"ಮುಂದಿನ ಸುತ್ತಿಗೆ ಹೋದಾಗ ಶಾಲು ಮುಖದ ಮೇಲಿತ್ತು. ಕಿತ್ತು ಬಿಸಾಕಿದೆ. ತುಟಿ ಬಣ್ಣ ಬದಲಾಗಿತ್ತು. ಎತ್ಕೊಂಡೆ, ಬೆನ್ನು ತಿಕ್ಕಿದೆ, ಕೂಗಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಒಂದು ಸಲ ಉಸಿರು ಎಳ್ಕೊಂಡು ಅತ್ತಿತು. ಪಾಳಿ ಮುಗಿಸಿ ಬಂದ ಅವರಮ್ಮಂಗೆ, ಇವತ್ತು ಸ್ವಲ್ಪ ಅತ್ತಿತು ಅಂತ ಮಾತ್ರ ಹೇಳ್ದೆ. ಈಗ ಆ ಹುಡುಗಿ ಶಾಲೆಗೆ ಹೋಗ್ತಾಳೆ, ಗೇಟಲ್ಲಿ ಸಿಕ್ಕಾಗ ಅಜ್ಜಿ ಅಂತಾಳೆ. ನಾನು ತಲೆ ತಗ್ಗಿಸ್ತೀನಿ."

ಕ್ಲಿಪ್ಪುಗಳು ಬಂದದ್ದು ಮರುದಿನದಿಂದ. ಮರೆವಿಗೂ ವಯಸ್ಸಿಗೂ ಅದಕ್ಕೂ ಸಂಬಂಧ ಇರಲಿಲ್ಲ. (ಈ ಲೇಖನ ಅಚ್ಚಿಗೆ ಹೋಗುವ ಮೊದಲು ಅವರು ಆ ತಾಯಿಯನ್ನು ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದ್ದಾರೆ. ಆಕೆ, ಶಾಲು ಕೊಟ್ಟವಳು ನಾನಲ್ವಾ ಅಕ್ಕಾ ಎಂದು ಅತ್ತರಂತೆ. ಮೇಲ್ವಿಚಾರಕರಿಗೂ ಹೇಳಿದ್ದಾರೆ. ಅವರಿಂದ ಇನ್ನೂ ಏನೂ ಉತ್ತರ ಬಂದಿಲ್ಲ. ಕೆಲಸ ಹೋದರೆ ಹೋಗಲಿ, ಬರೀರಿ ಎಂದು ಜಪ್ತಿಯಕ್ಕನೇ ನನಗೆ ಒತ್ತಿ ಹೇಳಿದರು.)

"ಅವತ್ತೇ ಯಾಕೆ ಇದನ್ನ ಹೇಳ್ಲಿಲ್ಲ?" ಬೀಗಿತ್ತಿಯ ದನಿ ಈಗ ಮೊದಲಿನ ಹಾಗಿಲ್ಲ.

"ನಾಚಿಕೆ. ಎಲ್ಲ ತಿಳಿದೋಳ ಥರ ನಿಮ್ಮನೇಲಿ ಕೈ ಹಾಕಿದೆ. ತಿಳಿದೋಳಲ್ಲ ನಾನು, ಹೆದರಿದೋಳು. ಅವತ್ತಿಂದ ಹೆದರ್ಕೊಂಡೇ ಇದೀನಿ."

ಬೀಗಿತ್ತಿ ತೊಟ್ಟಿಲ ಕಂಬಿ ಹಿಡಿದು ನಿಂತಿದ್ದಾರೆ. "ತಲೆ ಕಂಬಿಗೆ ಬಡೀಬಾರ್ದು ಅಂತ ಹೊಲಿದೆ ನಾನು."

"ಬಡಿದ್ರೆ ಅಳುತ್ತಮ್ಮ. ಅತ್ರೆ ನಾವು ಎತ್ಕೋತೀವಿ. ಮೂಗು ಮೆತ್ತೆಗೆ ಒತ್ತಿದ್ರೆ ಅಳೋಕೆ ಆಗಲ್ಲ."

ಬೀಗಿತ್ತಿ ಬಹಳ ಹೊತ್ತು ಮೊಮ್ಮಗಳನ್ನೇ ನೋಡುತ್ತಾರೆ. ನಂತರ ಬಾಗಿ ಮಗುವನ್ನು ಎತ್ತುತ್ತಾರೆ, ಆದರೆ ಸೊಸೆಯ ಕೈಗೆ ಕೊಡುವುದಿಲ್ಲ. ತಂದು ಜಪ್ತಿಯಕ್ಕನ ಮಡಿಲಿಗೆ ಹಾಕುತ್ತಾರೆ. ಕನ್ನಡಕ ಮೇಲೇರಿಸಿ ಮೊದಲ ಲಾಡಿಗೆ ಕೈ ಹಾಕುತ್ತಾರೆ. ಗಂಟು ಬಿಗಿಯಾಗಿವೆ, ಬೆರಳು ಓಡುವುದಿಲ್ಲ. ಸೊಸೆ ಇನ್ನೊಂದು ಕಡೆಯಿಂದ ಬಿಚ್ಚತೊಡಗುತ್ತಾಳೆ. ನಾನು ಎದ್ದು ನಿಲ್ಲುತ್ತೇನೆ, ಆದರೆ ಇದು ನನ್ನ ಕೆಲಸವಲ್ಲ ಎನ್ನಿಸಿ ಮತ್ತೆ ಕೂರುತ್ತೇನೆ.

"ಹಾಗಾದ್ರೆ ಇಷ್ಟು ದಿನ ಕೂತು ಹೊಲಿದಿದ್ದು ದಂಡ" ಎನ್ನುತ್ತಾರೆ ಬೀಗಿತ್ತಿ, ಹದಿನಾರನೇ ಗಂಟು ಬಿಚ್ಚಿದ ಮೇಲೆ.

"ದಂಡ ಯಾಕಾಗುತ್ತೆ? ಗೋಡೆಗೆ ಕಟ್ಟೋಣ, ಅವಳು ನೋಡ್ಕೊಂಡು ಆಡ್ಲಿ. ಇಂಥ ಹೊಲಿಗೆ ನಂಗಂತೂ ಬರಲ್ಲಪ್ಪ."

ಇದು ಮುಖಸ್ತುತಿ ಅಲ್ಲವೆಂದು ಬೀಗಿತ್ತಿಗೂ ಗೊತ್ತಾಗುತ್ತದೆ. ದಿಂಬು, ಉರುಳುದಿಂಬುಗಳನ್ನು ಅವರೇ ಒಯ್ದು ಬೀರುವಿನ ಮೇಲೆ ಎಸೆಯುತ್ತಾರೆ. ಹಾಸಿಗೆಯ ಬಟ್ಟೆಯನ್ನು ಬಿಗಿಯಾಗಿ ಎಳೆಯುತ್ತಾರೆ. ಜಪ್ತಿಯಕ್ಕ ಮಗುವನ್ನು ವಾಪಸ್ ಅವರ ಕೈಗೇ ಕೊಡುತ್ತಾರೆ, ತಾವು ಮಲಗಿಸುವುದಿಲ್ಲ. ಬೀಗಿತ್ತಿ ಅಂಗಾತ ಮಲಗಿಸುತ್ತಾರೆ. ಮಗು ಕೈಯೆರಡನ್ನೂ ತಲೆಯ ಮೇಲಕ್ಕೆ ಎತ್ತಿ, ಒಂದು ಸಲ ಬಾಯಿ ಚಪ್ಪರಿಸಿ ನಿದ್ದೆ ಹೋಗುತ್ತದೆ.

"ಸೋಮವಾರ ನಾನೊಬ್ಬಳೇ ಇರ್ತೀನಿ" ಎನ್ನುತ್ತಾರೆ ಬೀಗಿತ್ತಿ. "ಎಷ್ಟು ಹೊತ್ತಿಗೊಂದ್ಸಲ ನೋಡ್ಬೇಕು? ಎಲ್ಲಿ ಮುಟ್ಬೇಕು? ತೋರಿಸಿ."

ಜಪ್ತಿಯಕ್ಕ ತೋರಿಸುತ್ತಾರೆ. ಎರಡು ಬೆರಳು, ಎದೆ, ಕುತ್ತಿಗೆಯ ಹಿಂದೆ. ಒಂದೇ ಮಗು, ತೊಟ್ಟಿಲು ಬರಿದಾಗಿದೆ, ಅಷ್ಟೊಂದು ಸಲ ಮುಟ್ಟುವುದೇನೂ ಬೇಡ, ಕಣ್ಣಳತೆಯಲ್ಲಿದ್ದರೆ ಸಾಕು ಎಂದು ಹೇಳುವಾಗಲೇ ಅವರಿಗೆ ಆಕಳಿಕೆ ಬರುತ್ತದೆ. ಕೈ ಅಡ್ಡ ಹಿಡಿಯುತ್ತಾರೆ. ಇನ್ನೊಂದು ಬರುತ್ತದೆ.

"ಇವತ್ತು ಎಷ್ಟೊತ್ತಿಗೆ ಎದ್ರಿ?" ಎಂದು ಬೀಗಿತ್ತಿ ಕೇಳುತ್ತಾರೆ.

"ಭಾನುವಾರವೂ ನಾಲ್ಕಕ್ಕೇ ಎಚ್ಚರ ಆಗ್ಬಿಡುತ್ತೆ."

"ಹಾಗಾದ್ರೆ ಒರಗಿ ಅಕ್ಕಾ. ನಾನು ಇಲ್ಲೇ ಕೂತಿರ್ತೀನಿ."

ಬೇಡ ಬೇಡ, ಬಸ್ಸಿಗೆ ಹೊತ್ತಾಗುತ್ತೆ ಎನ್ನುತ್ತಲೇ ಅವರು ಚಾಪೆಯ ಮೇಲೆ ಮಗ್ಗುಲಾಗುತ್ತಾರೆ. ಐದು ನಿಮಿಷ, ಎಬ್ಬಿಸಿಬಿಡಿ ಎನ್ನುತ್ತಾರೆ. ಆ ಮಾತಿನ ಕೊನೆ ನಮಗೆ ಕೇಳಿಸುವುದಿಲ್ಲ. ಬೀಗಿತ್ತಿ ತೊಟ್ಟಿಲಿಗೂ ಚಾಪೆಗೂ ನಡುವೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಲೇಖನಕ್ಕೆ ಬೀಗಿತ್ತಿಯದೂ ಒಂದು ಮಾತು ಇರಲಿ ಎಂದುಕೊಂಡು ನಾನು ಟಿಪ್ಪಣಿ ಪುಸ್ತಕ ತೆರೆದು, ನಿಮ್ಮ ಬೀಗಿತ್ತಿಯ ಬಗ್ಗೆ ನೀವು ಏನು ಹೇಳ್ತೀರಿ ಎಂದು ಕೇಳುತ್ತೇನೆ.

ಅವರು ತುಟಿಯ ಮೇಲೆ ಬೆರಳಿಡುತ್ತಾರೆ.

"ಮೆಲ್ಲಗೆ ಮಾತಾಡಿ. ಇಬ್ರೂ ಮಲಗಿದಾರೆ."